ಪೆನ್‌ಡ್ರೈವ್‌ನಲ್ಲಿ ಮಂಡಿಯಿಂದ ಮಂಡಿಗೆ ಹೋದ ಸಾಫ್ಟ್‌ವೇರ್

ಪ್ರಶ್ನೆ: ನಮಸ್ಕಾರ ಸರ್. ನಾನು ಕೋಲಾರದವನು. ಬಿಸಿಎ ಮುಗಿಸಿ ಊರಲ್ಲೇ ಸಣ್ಣದಾಗಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ಟೊಮೆಟೊ ಮಂಡಿಗಳಿಗೆ ಅಂತ ಸಿ ಶಾರ್ಪ್‌ನಲ್ಲಿ ಒಂದು ಲೆಕ್ಕದ ಸಾಫ್ಟ್‌ವೇರ್ ಬರೆದೆ. ಹರಾಜಾದ ಬಾಕ್ಸ್, ದರ, ಕಮಿಷನ್, ಹಮಾಲಿ, ಗಾಡಿ ಬಾಡಿಗೆ, ರೈತರು ತೆಗೆದುಕೊಂಡ ಮುಂಗಡ ಎಲ್ಲ ಲೆಕ್ಕ ಹಾಕಿ ಕನ್ನಡದಲ್ಲಿ ಬಿಲ್ ಕೊಡುತ್ತದೆ. ಮೊದಲ ಮಂಡಿಯವರು 40,000 ರೂಪಾಯಿ ಕೊಟ್ಟು ಬರೆಸಿದರು. ಆಮೇಲೆ ಎಂಟು ಮಂಡಿಗಳಿಗೆ ತಲಾ 12,000ಕ್ಕೆ ಮಾರಿದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ. ಈಗ ನೋಡಿದರೆ ಇಪ್ಪತ್ತಕ್ಕೂ ಜಾಸ್ತಿ ಮಂಡಿಗಳಲ್ಲಿ ಓಡುತ್ತಿದೆ, ಚಿಂತಾಮಣಿಯಲ್ಲೂ ಇದೆಯಂತೆ. ಕಂಪ್ಯೂಟರ್ ರಿಪೇರಿ ಅಂಗಡಿಯವನೊಬ್ಬ 1,500 ರೂಪಾಯಿಗೆ ಹಾಕಿಕೊಡುತ್ತಿದ್ದಾನೆ. ಮೊದಲ ಮಂಡಿಯವರನ್ನು ಕೇಳಿದರೆ 'ದುಡ್ಡು ಕೊಟ್ಟು ಬರೆಸಿದ್ದು ನಾನು, ಅದು ನಂದು, ಯಾರಿಗೆ ಬೇಕಾದ್ರೂ ಕೊಡ್ತೀನಿ' ಅನ್ನುತ್ತಾರೆ. ಕಾಪಿ ಹಾಕಿಸಿಕೊಂಡವರಲ್ಲಿ ಇಬ್ಬರು, ಬಿಲ್ ಪ್ರಿಂಟ್ ಸರಿಯಾಗಿ ಬರುತ್ತಿಲ್ಲ ಅಂತ ನನಗೇ ಫೋನ್ ಮಾಡಿದರು. ಮುಂದಿನ ಅಪ್‌ಡೇಟ್‌ನಲ್ಲಿ, ಕಾಪಿ ಅಂತ ಗೊತ್ತಾದ ಕೂಡಲೇ ಡೇಟಾ ಅಳಿಸಿಹಾಕುವ ಕೋಡ್ ಸೇರಿಸು ಅಂತ ಸ್ನೇಹಿತನೊಬ್ಬ ಹೇಳುತ್ತಿದ್ದಾನೆ. ಯಾರೂ ಕಾಪಿ ಮಾಡಲಾಗದ ಹಾಗೆ ಬೀಗ ಹಾಕುವುದು ಹೇಗೆ? ಪೊಲೀಸರ ಹತ್ತಿರ ಹೋದರೆ ಪ್ರಯೋಜನ ಇದೆಯಾ?

ಉತ್ತರ: ನಿಮ್ಮ ಸ್ನೇಹಿತರ ಸಲಹೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಉಳಿದ ಯಾವ ತಪ್ಪನ್ನಾದರೂ ಸರಿ ಮಾಡಬಹುದು, ಅದೊಂದನ್ನು ಸರಿ ಮಾಡಲು ಆಗುವುದಿಲ್ಲ. ಆ ಕೋಡ್ ದಯವಿಟ್ಟು ಬರೆಯಬೇಡಿ.

ಆ ಡೇಟಾ ಯಾರದು ಅಂತ ಒಂದು ಸಲ ಯೋಚನೆ ಮಾಡಿ. ಮುಳಬಾಗಿಲಿನ ಕಡೆಯ ರೈತರೊಬ್ಬರು ಮೂರು ದಿನ ಎಂಬತ್ತು ಎಂಬತ್ತು ಬಾಕ್ಸ್ ತಂದು ಹಾಕಿದ್ದಾರೆ. ಗೊಬ್ಬರಕ್ಕೆ ಅಂತ ಮುಂಗಡ ತೆಗೆದುಕೊಂಡಿದ್ದಾರೆ. ಬಾಕಿ ಹಣ ವಾರದ ಕೊನೆಗೆ ಬರಬೇಕು. ಆ ಲೆಕ್ಕ ಇರುವುದು ಕಾಪಿ ಮಾಡಿದ ನಿಮ್ಮ ಸಾಫ್ಟ್‌ವೇರ್‌ನಲ್ಲಿ. ನೀವು ಅದನ್ನು ಅಳಿಸಿದರೆ ಮಂಡಿಯವರು ಹೇಗೋ ನೆನಪಿನ ಮೇಲೆ ಲೆಕ್ಕ ಹೇಳುತ್ತಾರೆ. ಆ ರೈತರು ಏನು ಮಾಡಬೇಕು? ಅವರು ನಿಮ್ಮಿಂದ ಏನನ್ನೂ ಕದ್ದಿಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಬೇರೆಯವರ ಕಂಪ್ಯೂಟರ್‌ನಲ್ಲಿರುವ ಡೇಟಾ ಅಳಿಸುವುದು, ಅವರ ಒಪ್ಪಿಗೆ ಇಲ್ಲದೆ ಹಾನಿ ಮಾಡುವ ಕೋಡ್ ಸೇರಿಸುವುದು, ಇವೆಲ್ಲ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತವೆ. ಅಪ್ರಾಮಾಣಿಕವಾಗಿ ಇಲ್ಲವೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅವರು ಕಾಪಿ ಮಾಡಿದ್ದರು ಅನ್ನುವುದು ನಿಮ್ಮನ್ನು ಕಾಪಾಡುವುದಿಲ್ಲ. ಇವತ್ತು ದೂರು ಕೊಡಬೇಕಾದವರು ನೀವು. ಆ ಕೋಡ್ ಬರೆದ ದಿನ ಆರೋಪಿಯ ಜಾಗದಲ್ಲಿ ನೀವೇ ಇರುತ್ತೀರಿ.

ಇಂಥ ಯೋಚನೆ ಹಳೆಯದು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ತಮ್ಮ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕಾಪಿ ಮಾಡುತ್ತಾರೆ ಅಂತ ಬೇಸತ್ತು, ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಭಾಗವಾದ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ಕೂರುವ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಇಟ್ಟರು. ಹಾಳು ಮಾಡುವ ಉದ್ದೇಶವೂ ಇರಲಿಲ್ಲ. ಆದರೆ ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಅಮೆರಿಕದವರೆಗೆ ಹೋಯಿತು. ಅವರ ಸಾಫ್ಟ್‌ವೇರಿನ ಹೆಸರೂ ಕೇಳದವರು ಫೋನ್ ಮಾಡಿ ಬೈಯತೊಡಗಿದರು. ಪಿಸಿಗಳ ಮೊದಲ ವೈರಸ್ ಅಂತ ಇವತ್ತು ಹೇಳುವ 'ಬ್ರೇನ್' ಅದೇ. ಕಳ್ಳರಿಗೆ ಅಂತ ಇಟ್ಟ ಬೋನಿಗೆ ಬಿದ್ದವರು ದಾರಿಹೋಕರು.

ಈಗ ಬೀಗದ ಮಾತು. ಯಾರೂ ಕಾಪಿ ಮಾಡಲಾಗದ ಬೀಗ ಇಲ್ಲ. ನಲವತ್ತು ವರ್ಷದಿಂದ ಬಹಳ ದೊಡ್ಡ ಕಂಪನಿಗಳು ಹುಡುಕಿವೆ. ಓದಲಾಗದ ಸೆಕ್ಟರ್ ಇರುವ ಫ್ಲಾಪಿ, ಪ್ರಿಂಟರ್ ಪೋರ್ಟಿಗೆ ಚುಚ್ಚುವ ಡಾಂಗಲ್, ಸೀರಿಯಲ್ ನಂಬರ್, ಇಂಟರ್ನೆಟ್ ಆ್ಯಕ್ಟಿವೇಶನ್, ಎಲ್ಲವನ್ನೂ ಯಾರೋ ಒಬ್ಬರು ಮುರಿದಿದ್ದಾರೆ. ಕಾರಣ ಸರಳ. ಬೀಗವೂ ಕೀಲಿಯೂ ಎರಡನ್ನೂ ನೀವು ಬೇರೆಯವರ ಮನೆಗೆ ಕಳಿಸುತ್ತಿದ್ದೀರಿ. ಪ್ರೋಗ್ರಾಂ ಅವರ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಓಡಬೇಕಾದರೆ ಅದರ ಪ್ರತಿ ಸೂಚನೆಯನ್ನೂ ಆ ಕಂಪ್ಯೂಟರ್ ಓದಲೇಬೇಕು. ಕಂಪ್ಯೂಟರ್ ಓದಿದ್ದನ್ನು ಮನುಷ್ಯನೂ ಓದಬಹುದು.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಎಷ್ಟೇ ಕಷ್ಟದ ಪಾಸ್‌ವರ್ಡ್ ಇಟ್ಟರೂ ಕೊನೆಗೆ ಪ್ರೋಗ್ರಾಂ ಕೇಳುವುದು ಒಂದೇ ಪ್ರಶ್ನೆ: ಇದು ಸರಿಯಾ, ತಪ್ಪಾ? ಇಂಟೆಲ್ ಪ್ರೊಸೆಸರಿನ ಭಾಷೆಯಲ್ಲಿ ಎರಡು ಬೆಲೆ ಸಮ ಇದ್ದರೆ ಆ ಕಡೆ ಹಾರು ಅನ್ನುವ ಸೂಚನೆಯ ಸಂಖ್ಯೆ, ಕಂಪ್ಯೂಟರಿನವರು ಬಳಸುವ ಹೆಕ್ಸ್ ಲೆಕ್ಕದಲ್ಲಿ, 74. ಸಮ ಇಲ್ಲದಿದ್ದರೆ ಹಾರು ಅನ್ನುವುದಕ್ಕೆ 75. ಕ್ರ್ಯಾಕ್ ಮಾಡುವವನು ಆ ಜಾಗ ಹುಡುಕಿ 74 ಇದ್ದಲ್ಲಿ 75 ಅಂತ ಬರೆಯುತ್ತಾನೆ, ಅಷ್ಟೇ. ಒಂದೇ ಒಂದು ಬೈಟ್. ಅಲ್ಲಿಂದ ಮುಂದೆ ತಪ್ಪು ಪಾಸ್‌ವರ್ಡ್ ಹಾಕಿದವನಿಗೆ ಬಾಗಿಲು ತೆರೆಯುತ್ತದೆ, ಸರಿಯಾದದ್ದು ಹಾಕಿದವನಿಗೆ ಮುಚ್ಚುತ್ತದೆ. ಸಿ ಶಾರ್ಪ್‌ನಲ್ಲಂತೂ ಇಷ್ಟೂ ಕಷ್ಟ ಪಡಬೇಕಾಗಿಲ್ಲ. ನಿಮ್ಮ ಇಎಕ್ಸ್‌ಇ ಫೈಲನ್ನು ಐಎಲ್‌ಸ್ಪೈ ಅನ್ನುವ ಉಚಿತ ಟೂಲ್‌ನಲ್ಲಿ ತೆರೆದು ನೋಡಿ. ನೀವು ಬರೆದ ಕೋಡ್, ಫಂಕ್ಷನ್ ಹೆಸರುಗಳ ಸಮೇತ, ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಪಾಸ್‌ವರ್ಡ್ ಕೂಡ. ಹೆಸರುಗಳನ್ನು ಕಲಸಿಹಾಕುವ ಅಬ್ಫಸ್ಕೇಟರ್‌ಗಳಿವೆ, ಹಾಕಿಕೊಳ್ಳಿ. ಓದುವವನಿಗೆ ಅರ್ಧ ದಿನ ಜಾಸ್ತಿ ಹಿಡಿಯುತ್ತದೆ.

ಹಾಗಾದರೆ ಬೀಗವೇ ಬೇಡವಾ? ಬೇಕು. ಆದರೆ ಅದಕ್ಕೆ ಮೊದಲು ನನಗಾದದ್ದೊಂದು ಹೇಳಬೇಕು. ಬೀಗ ಯಾರನ್ನು ಕಚ್ಚುತ್ತದೆ ಅಂತ ನಾನು ಕಲಿತದ್ದು ಅದರಿಂದ.

ನಾನು ತುಮಕೂರಿನಲ್ಲಿ ಹೊಸದಾಗಿ ಕೆಲಸ ಶುರು ಮಾಡಿದ್ದ ಕಾಲ. ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಾಪಿ ಆಗದಿರಲಿ ಅಂತ ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರಿಗೆ ಅದನ್ನು ಗಂಟು ಹಾಕಿದ್ದೆ. ಅದು ಡಿಸ್ಕಿನ ಮೇಲೆ ಕಾರ್ಖಾನೆ ಹಾಕುವ ನಂಬರ್ ಅಲ್ಲ, ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಕೊಡುವ ನಂಬರ್. ಪ್ರತಿ ಸಲ ಫಾರ್ಮ್ಯಾಟ್ ಮಾಡಿದಾಗ ಬದಲಾಗುತ್ತದೆ. ಇದು ನನಗೆ ಗೊತ್ತಿತ್ತು, ಆದರೆ ತಲೆಗೆ ಹಾಕಿಕೊಂಡಿರಲಿಲ್ಲ. ಒಂದು ದಿನ ಅವರ ಕಂಪ್ಯೂಟರಿಗೆ ವೈರಸ್ ಬಂತು. ಹುಡುಗನೊಬ್ಬ ಬಂದು ಫಾರ್ಮ್ಯಾಟ್ ಹೊಡೆದು ಬ್ಯಾಕಪ್ ವಾಪಸ್ ಹಾಕಿದ. ಮಾರನೆಯ ದಿನ ಹರಾಜು. ಮಂಡಿಯವರು ಬೆಳಿಗ್ಗೆ ಪ್ರೋಗ್ರಾಂ ತೆರೆದರೆ ಪರದೆ ಮೇಲೆ 'ಇದು ಕಳ್ಳ ಪ್ರತಿ' ಅಂತ ಬಂತು. ಆ ಮಾತನ್ನು ನಾನೇ ಬರೆದಿದ್ದೆ.

ಅವರು ಪೂರ್ತಿ ದುಡ್ಡು ಕೊಟ್ಟವರು. ಊರಿನಲ್ಲಿ ಮರ್ಯಾದೆ ಇದ್ದ ಮನುಷ್ಯ. ನಾನು ಗುಬ್ಬಿ, ನಿಟ್ಟೂರು ದಾಟಿ ಬಸ್ಸಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು. ಕೊಬ್ಬರಿ ಚೀಲಗಳ ನಡುವೆ ಹಳೆಯ ಕಿರ್ದಿ ಪುಸ್ತಕ ಬಿಚ್ಚಿಕೊಂಡು ಕೈಯಲ್ಲೇ ಲೆಕ್ಕ ಬರೆಯುತ್ತಿದ್ದರು. ಸುತ್ತ ಬಿಲ್ಲಿಗೆ ಕಾದು ನಿಂತ ರೈತರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. 'ಕಳ್ಳ ಅಂತ ಯಾಕಪ್ಪಾ ಬರೆದೆ?' ಅಂತ ಅಷ್ಟೇ ಕೇಳಿದರು. ಉತ್ತರ ಇರಲಿಲ್ಲ. ಅದೇ ಊರಿನಲ್ಲಿ ಇನ್ನೊಂದು ಮಂಡಿಯಲ್ಲಿ ಅದೇ ಪ್ರೋಗ್ರಾಮಿನ ಕ್ರ್ಯಾಕ್ ಮಾಡಿದ ಕಾಪಿ ಆ ದಿನ ಒಂದು ತೊಂದರೆಯೂ ಇಲ್ಲದೆ ಓಡಿತ್ತು.

ಅವತ್ತಿನಿಂದ ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಬೀಗಕ್ಕೆ ಸಂಶಯ ಬಂದರೂ ಹಳೆಯ ಲೆಕ್ಕ ನೋಡುವುದು, ಪ್ರಿಂಟ್ ತೆಗೆಯುವುದು ಎಂದೂ ನಿಲ್ಲಬಾರದು. ಪರದೆ ಮೇಲೆ ಯಾರನ್ನೂ ಕಳ್ಳ ಅನ್ನಬಾರದು. 'ಲೈಸೆನ್ಸ್ ಸಿಗುತ್ತಿಲ್ಲ, ಈ ನಂಬರಿಗೆ ಫೋನ್ ಮಾಡಿ, 30 ದಿನ ಹೀಗೇ ಬಳಸಬಹುದು' ಅಂತ ಬರೆಯಿರಿ. ಅಂದ ಹಾಗೆ, ದುಡ್ಡು ಕೊಟ್ಟವರು ಬ್ಯಾಕಪ್‌ಗೆ ಅಂತ ಪ್ರೋಗ್ರಾಮಿನ ಪ್ರತಿ ಇಟ್ಟುಕೊಳ್ಳುವುದಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಒಪ್ಪಿಗೆ ಕೊಟ್ಟಿದೆ. ಅದನ್ನು ತಡೆಯಲು ಹೋಗಬೇಡಿ.

ಈಗ ನಿಮ್ಮ ಮಂಡಿಗೆ ಬರೋಣ. ಬೀಗ ಹಾಕುವ ಮೊದಲು ಯಾರ ವಿರುದ್ಧ ಹಾಕುತ್ತಿದ್ದೇವೆ ಅಂತ ನೋಡಬೇಕು. ಜಗತ್ತಿನಲ್ಲೆಲ್ಲ ಓಡುವ ಗೇಮ್ ಆದರೆ ಅದನ್ನು ಮುರಿಯಲು ಚಾಲಾಕಿ ಜನ ರಾತ್ರಿಯೆಲ್ಲ ಕೂರುತ್ತಾರೆ. ನಿಮ್ಮ ಟೊಮೆಟೊ ಸಾಫ್ಟ್‌ವೇರಿಗೆ ಯಾರೂ ಹಾಗೆ ಕೂರುವುದಿಲ್ಲ. ಇಲ್ಲಿ ಕಾಪಿ ಮಾಡಿದವರು ಇಬ್ಬರು: ಪೆನ್‌ಡ್ರೈವ್ ಹಿಡಿದ ಗುಮಾಸ್ತ, ಮತ್ತೆ ಆ ರಿಪೇರಿ ಅಂಗಡಿಯವನು. ಇಬ್ಬರೂ ಏನನ್ನೂ ಕ್ರ್ಯಾಕ್ ಮಾಡಿಲ್ಲ. ಫೋಲ್ಡರ್ ಕಾಪಿ ಮಾಡಿ, ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಹಾಕಿದ್ದಾರೆ. ಇವರನ್ನು ನಿಲ್ಲಿಸುವ ಬೀಗ ಸಾಕು. ಅದನ್ನು ಮಾಡಬಹುದು, ಚೆನ್ನಾಗಿಯೇ ಮಾಡಬಹುದು.

ನನಗೆ ತೋಚಿದ ದಾರಿ ಇದು. ಮಂಡಿಯಲ್ಲಿ ನಿಮ್ಮ ಸಾಫ್ಟ್‌ವೇರಿನ ಪ್ರಾಣ ಇರುವುದು ರೈತರ ಕೈಗೆ ಕೊಡುವ ಆ ಒಂದು ಬಿಲ್ಲಿನಲ್ಲಿ. ಬಿಲ್ಲಿನ ತಲೆಯಲ್ಲಿ ಏನಿರುತ್ತದೆ? ಮಂಡಿಯ ಹೆಸರು, ಎಪಿಎಂಸಿ ಲೈಸೆನ್ಸ್ ನಂಬರ್, ಫೋನ್ ನಂಬರ್. ಈಗ ನಿಮ್ಮ ಪ್ರೋಗ್ರಾಂನಲ್ಲಿ ಆ ಹೆಸರನ್ನು ಯಾರು ಬೇಕಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬಹುದು ಅಂತ ಕಾಣುತ್ತದೆ. ಅದನ್ನು ತೆಗೆದುಹಾಕಿ. ಹೆಸರು ಬರಬೇಕಾದದ್ದು ನೀವು ಕೊಡುವ ಒಂದು ಪುಟ್ಟ ಲೈಸೆನ್ಸ್ ಫೈಲಿನಿಂದ ಮಾತ್ರ. ಆ ಫೈಲಿಗೆ ಡಿಜಿಟಲ್ ಸಹಿ ಹಾಕಿ. ಆರ್‌ಎಸ್‌ಎ ಅನ್ನುವ ವಿಧಾನದಲ್ಲಿ ಸಹಿ ಹಾಕುವ, ಪರೀಕ್ಷಿಸುವ ಫಂಕ್ಷನ್‌ಗಳು ಸಿ ಶಾರ್ಪ್ ಪ್ರೋಗ್ರಾಂಗಳು ಬಳಸುವ ಡಾಟ್‌ನೆಟ್‌ನಲ್ಲಿ ತಯಾರಾಗೇ ಇವೆ. ಗುಟ್ಟಿನ ಕೀ ನಿಮ್ಮ ಹತ್ತಿರ ಮಾತ್ರ ಇರುತ್ತದೆ, ಅದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗುವುದೇ ಇಲ್ಲ. ಪ್ರೋಗ್ರಾಂ ಒಳಗೆ ಹೋಗುವುದು ಸಹಿ ಸರಿ ಇದೆಯಾ ಅಂತ ನೋಡುವ ಕೀ ಮಾತ್ರ. ಅದನ್ನು ಇಟ್ಟುಕೊಂಡು ಹೊಸ ಸಹಿ ಮಾಡಲು ಬರುವುದಿಲ್ಲ. ಲೈಸೆನ್ಸ್ ಫೈಲಿನಲ್ಲಿ ಮಂಡಿ ಹೆಸರಿನ ಒಂದು ಕೊಂಬು, ಒಂದು ಸೊನ್ನೆ ಬದಲಾಯಿಸಿದರೂ ಸಹಿ ತಾಳೆ ಆಗುವುದಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ಗುಮಾಸ್ತ ಪೂರ್ತಿ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಲಿ. ಹೊಸ ಮಂಡಿಯಲ್ಲಿ ಪ್ರೋಗ್ರಾಂ ತೆರೆಯುತ್ತದೆ, ಓಡುತ್ತದೆ. ಆದರೆ ಬಿಲ್ ತೆಗೆದರೆ ಮೇಲೆ ಹಳೆಯ ಮಂಡಿಯ ಹೆಸರು, ಹಳೆಯ ಮಂಡಿಯ ಲೈಸೆನ್ಸ್ ನಂಬರ್! ತನ್ನ ಹತ್ತಿರ ಬಂದ ರೈತರ ಕೈಗೆ ಪಕ್ಕದ ಮಂಡಿಯ ಹೆಸರಿರುವ ಬಿಲ್ ಕೊಡುವ ಮಂಡಿಯವರು ಕೋಲಾರದಲ್ಲಿ ಯಾರಿದ್ದಾರೆ ಹೇಳಿ. ಇಲ್ಲಿ ಹಾರ್ಡ್ ಡಿಸ್ಕ್ ನಂಬರ್ ಬೇಡ, ಡಾಂಗಲ್ ಬೇಡ, ಇಂಟರ್ನೆಟ್ ಬೇಡ. ದುಡ್ಡು ಕೊಟ್ಟವರು ಹತ್ತು ಸಲ ಫಾರ್ಮ್ಯಾಟ್ ಮಾಡಲಿ, ಕಂಪ್ಯೂಟರ್ ಬದಲಾಯಿಸಲಿ, ಲೈಸೆನ್ಸ್ ಫೈಲ್ ಇದ್ದರೆ ಸಾಕು. ಅದನ್ನು ಅವರ ವಾಟ್ಸ್‌ಆ್ಯಪ್‌ಗೂ ಕಳಿಸಿಡಿ. ಇನ್ನೂ ಒಂದು ಲಾಭ ಇದೆ. ಕಾಪಿ ಎಲ್ಲಿಂದ ಸೋರಿತು ಅಂತ ಬಿಲ್ಲೇ ಹೇಳುತ್ತದೆ.

ಗೊತ್ತಿರುವವನು ಇದನ್ನೂ ಮುರಿಯಬಹುದು. ಸಹಿ ನೋಡುವ ಜಾಗದಲ್ಲಿ ಆ 74, 75ರಂಥದೇ ಆಟ ಆಡಬಹುದು, ನಿಮ್ಮ ಕೀ ತೆಗೆದು ತನ್ನ ಕೀ ಇಡಬಹುದು. ಆದರೆ ಅಷ್ಟು ಬಲ್ಲವನು 1,500 ರೂಪಾಯಿಗೆ ಮಂಡಿ ಮಂಡಿ ತಿರುಗುವುದಿಲ್ಲ. ತಿರುಗಿದರೆ ಆಗ ಕಾನೂನಿನ ಕೆಲಸ ಸುಲಭವಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇದರ ಜೊತೆಗೆ ಕಾಪಿ ಮಾಡಲು ಬಾರದ ಒಂದು ಸೌಲಭ್ಯ ಸೇರಿಸಿ. ಹರಾಜು ಮುಗಿದ ಕೂಡಲೇ ರೈತರ ಮೊಬೈಲಿಗೆ ಇಷ್ಟು ಬಾಕ್ಸ್, ಇಷ್ಟು ದರ, ಇಷ್ಟು ಬಾಕಿ ಅಂತ ಮೆಸೇಜ್ ಹೋಗಲಿ. ಮೆಸೇಜ್ ಹೋಗುವುದು ನಿಮ್ಮ ಸರ್ವರ್ ಮೂಲಕ, ಆದ್ದರಿಂದ ಲೈಸೆನ್ಸ್ ಇಲ್ಲದ ಕಾಪಿಯಿಂದ ಹೋಗುವುದಿಲ್ಲ. ಎಸ್‌ಎಂಎಸ್ ಆದರೆ, ವ್ಯಾಪಾರದ ಮೆಸೇಜ್ ಕಳಿಸುವವರು ಮೊಬೈಲ್ ಕಂಪನಿಗಳಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿ ಮೊದಲೇ ಮಾಡಿಸಿಕೊಳ್ಳಬೇಕು, ಅದಕ್ಕೆ ಸ್ವಲ್ಪ ಓಡಾಟ ಇದೆ. ಆದರೆ ಬಿಲ್ ಮಾಡುವುದನ್ನೇ ಇಂಟರ್ನೆಟ್ ಮೇಲೆ ನಿಲ್ಲಿಸಬೇಡಿ. ಸೀಸನ್‌ನಲ್ಲಿ ಮಾರುಕಟ್ಟೆಯಲ್ಲಿ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೈಕೊಟ್ಟರೆ, ಲಾರಿ ಲೋಡ್ ಆಗುವ ಹೊತ್ತಿಗೆ ಬಿಲ್ ನಿಂತರೆ, ಮತ್ತೆ ತಿಪಟೂರಿನ ಕಥೆಯೇ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಾಲು. ಕಾಪಿ ಹಾಕಿಸಿಕೊಂಡವರೇ ಪ್ರಿಂಟ್ ಬರುತ್ತಿಲ್ಲ ಅಂತ ನಿಮಗೆ ಫೋನ್ ಮಾಡಿದರು ಅಂದಿರಿ. ನಿಮಗೆ ಸಿಟ್ಟು ಬಂದಿರುತ್ತದೆ, ಬರಬೇಕಾದ್ದೇ. ಆದರೆ ಅವರು ಯಾಕೆ ಮುಚ್ಚಿಡದೆ ಫೋನ್ ಮಾಡಿದರು? ತಾವು ಕದ್ದಿದ್ದೇವೆ ಅಂತ ಅವರಿಗೆ ಅನ್ನಿಸೇ ಇಲ್ಲ. ಅವರು 1,500 ರೂಪಾಯಿ ಕೊಟ್ಟಿದ್ದಾರೆ. ಯಾರಿಗೆ ಕೊಡಬೇಕಿತ್ತೋ ಅವರಿಗೆ ಕೊಟ್ಟಿಲ್ಲ, ಅಷ್ಟೇ.

ದುಡ್ಡಿಲ್ಲದೆ ಮಾಡಿದ್ದೂ ಅಲ್ಲ. 2023ರ ಜುಲೈ ನೆನಪಿದೆಯಲ್ಲ. ಕೋಲಾರದಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ದರದಲ್ಲಿ ದಿನಕ್ಕೆ 500 ಬಾಕ್ಸ್ ಮಾರಿದ ಮಂಡಿಯ ಒಂದು ದಿನದ ವಹಿವಾಟೇ ಹತ್ತು ಲಕ್ಷ. ಅಂಥವರಿಗೆ 12,000 ಭಾರ ಅಲ್ಲ. ತೊಂದರೆ ಇರುವುದು ಅಭ್ಯಾಸದಲ್ಲಿ. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಬರುವಾಗಲೇ ವಿಂಡೋಸ್, ಆಫೀಸ್, ಫೋಟೊಶಾಪ್, ಟ್ಯಾಲಿ ಎಲ್ಲ 'ಹಾಕಿಕೊಟ್ಟು' ಬರುತ್ತದೆ. ಮಾನಿಟರಿಗೆ ರೇಟು ಇದೆ, ಮೌಸಿಗೆ ರೇಟು ಇದೆ. ಸಾಫ್ಟ್‌ವೇರಿಗೆ ಬೆಲೆ ಇದೆ ಅಂತ ಬಿಲ್ಲಿನಲ್ಲಿ ಯಾರೂ ನೋಡಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಸಂಘಟನೆಯಾದ ಬಿಎಸ್‌ಎ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, 2017ರಲ್ಲಿ ಭಾರತದ ಕಂಪ್ಯೂಟರ್‌ಗಳಲ್ಲಿ ಹಾಕಿದ್ದ ಸಾಫ್ಟ್‌ವೇರ್‌ಗಳಲ್ಲಿ 56 ಶೇಕಡಾ ಲೈಸೆನ್ಸ್ ಇಲ್ಲದವು. ಜಗತ್ತಿನ ಸರಾಸರಿ 37. ಕಂಪನಿಗಳದ್ದೇ ಲೆಕ್ಕವಾದ್ದರಿಂದ ಸ್ವಲ್ಪ ಎಚ್ಚರದಿಂದ ನೋಡಬೇಕು. ಆದರೂ ಮಂಡಿಯಲ್ಲಿ ನಿಂತು ನೋಡಿದವರಿಗೆ ಆ ಸಂಖ್ಯೆ ಆಶ್ಚರ್ಯ ತರುವುದಿಲ್ಲ.

ಹಾಗಾಗಿ ಒಂದೇ ಸಲ 12,000 ಕೇಳುವ ಬದಲು ವರ್ಷಕ್ಕೆ ಇಷ್ಟು ಅಂತ ಮಾಡಿ ಅನ್ನುವುದು ನನ್ನ ಸಲಹೆ. ಮೂರೋ ನಾಲ್ಕೋ ಸಾವಿರ ಇರಲಿ. ಅದರಲ್ಲಿ ಅಪ್‌ಡೇಟ್, ಮೆಸೇಜ್, ಪ್ರಿಂಟರ್ ತೊಂದರೆ ಆದರೆ ಬಂದು ನೋಡುವುದು ಎಲ್ಲ ಸೇರಲಿ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಫೋನ್ ಎತ್ತುವವರು ಇದ್ದಾರೆ ಅನ್ನುವ ಧೈರ್ಯವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಬರುವುದಿಲ್ಲ. ಅಡೋಬಿಯಂಥ ಕಂಪನಿಯೇ 2013ರಲ್ಲಿ ಹೊಸ ಫೋಟೊಶಾಪನ್ನು ಒಂದೇ ಸಲ ಮಾರುವುದು ಬಿಟ್ಟು ಬಾಡಿಗೆ ಪದ್ಧತಿಗೆ ಬಂತು. ನಮ್ಮ ಬೆಂಗಳೂರಿನ ಟ್ಯಾಲಿಯನ್ನೂ ನೋಡಿ. ಲೈಸೆನ್ಸ್ ಇಲ್ಲದೆ ತೆರೆದರೆ ಅದು ಎಜುಕೇಶನಲ್ ಮೋಡ್‌ನಲ್ಲಿ ಓಡುತ್ತದೆ. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಬಹುದು. ಕಲಿಯುವ ಹುಡುಗನಿಗೆ ಅಷ್ಟು ಸಾಕು. ಅಂಗಡಿ ನಡೆಸುವವರಿಗೆ ಸಾಲದು. ಕಲಿತ ಹುಡುಗ ನಾಳೆ ಕೆಲಸಕ್ಕೆ ಸೇರಿದಲ್ಲಿ ಟ್ಯಾಲಿಯೇ ಬೇಕು ಅನ್ನುತ್ತಾನೆ. ಬಹಳ ಒಳ್ಳೆಯ ಉಪಾಯ ಅದು. ನಿಮ್ಮದರಲ್ಲೂ ಲೈಸೆನ್ಸ್ ಇಲ್ಲದ ಪ್ರತಿ ಓಡಲಿ, ಬಿಲ್ಲಿನ ತಲೆಯಲ್ಲಿ 'ಮಾದರಿ ಬಿಲ್' ಅಂತ ಬರಲಿ. ಆಗ ಪೆನ್‌ಡ್ರೈವ್ ಹಿಡಿದು ಓಡಾಡುವವರು ನಿಮ್ಮ ಪ್ರಚಾರ ಮಾಡಿದ ಹಾಗೆ ಆಗುತ್ತದೆ.

ಇನ್ನು ಕಾನೂನು. ಮೊದಲ ಮಂಡಿಯವರ ಮಾತು ಸರಿಯಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ, ಕಾದಂಬರಿ, ಕವಿತೆಯ ಹಾಗೆ. ಬರೆದವನೇ ಮೊದಲ ಒಡೆಯ. ನೀವು ಅವರಲ್ಲಿ ಸಂಬಳಕ್ಕಿದ್ದು ಆ ಕೆಲಸದ ಭಾಗವಾಗಿ ಬರೆದಿದ್ದರೆ ಅದು ಅವರದಾಗುತ್ತಿತ್ತು. ಹೊರಗಿನವರಾಗಿ ದುಡ್ಡು ತೆಗೆದುಕೊಂಡು ಬರೆದುಕೊಟ್ಟರೆ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಅದು ಅವರಿಗೆ ಹೋಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ, ಸಹಿ ಹಾಕಿ ಕೊಟ್ಟಿರಬೇಕು. ನೀವು ಯಾವ ಪತ್ರಕ್ಕೂ ಸಹಿ ಹಾಕಿಲ್ಲ ಅಂದುಕೊಳ್ಳುತ್ತೇನೆ. ಅವರಿಗೆ ಸಿಕ್ಕಿರುವುದು ಬಳಸುವ ಹಕ್ಕು, ಹಂಚುವ ಹಕ್ಕಲ್ಲ.

ಆದರೂ ಅವರ ಮೇಲೆ ಹೋಗಬೇಡಿ. ನಿಮ್ಮ ಮೇಲೆ ನಂಬಿಕೆ ಇಟ್ಟು ಮೊದಲು 40,000 ಕೊಟ್ಟವರು ಅವರು. ಹರಾಜಿನ ಒಳಗುಟ್ಟು, ಮುಂಗಡ ಕಳೆಯುವ ಕ್ರಮ ಎಲ್ಲ ನಿಮಗೆ ಕಲಿಸಿದವರೂ ಅವರೇ ಇರಬೇಕು. ಕೂತು ಮಾತಾಡಿ. ಅವರ ಸ್ವಂತ ಮಂಡಿಗೆ ಜೀವನಪೂರ್ತಿ ಉಚಿತ, ಬೇರೆಯವರಿಗೆ ಕೊಡುವುದು ಬೇಡ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇನ್ನು ಮುಂದೆ ಪ್ರತಿ ಮಾರಾಟಕ್ಕೂ ಅಂಥದ್ದೊಂದು ಹಾಳೆ ಇರಲಿ.

ರಿಪೇರಿ ಅಂಗಡಿಯವನ ವಿಷಯ ಬೇರೆ. ನೀವು ಬರೆದದ್ದನ್ನು ಮಾರಿ ಅವನು ಲಾಭ ಮಾಡುತ್ತಿದ್ದಾನೆ. 63ನೇ ಸೆಕ್ಷನ್ ಪ್ರಕಾರ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷದವರೆಗೆ ದಂಡ ಇದೆ. ಇದು ಪೊಲೀಸರು ವಾರಂಟ್ ಇಲ್ಲದೆ ಕ್ರಮ ತೆಗೆದುಕೊಳ್ಳಬಹುದಾದ, ಜಾಮೀನುರಹಿತ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಆ ಕಾಪಿಗಳನ್ನು ವಶಕ್ಕೆ ತೆಗೆದುಕೊಳ್ಳಬಹುದು. ಕೋಲಾರದಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲಿ ದೂರು ಕೊಡಬಹುದು. ಹೊಸ ಬೀಗ ಹಾಕಿದ ಮೇಲೆ ಅವನು ಅದನ್ನು ಮುರಿದು ಮಾರಿದರೆ, 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಕೂಡ ಬರುತ್ತದೆ. ಕಾಪಿರೈಟ್ ಕಾಪಾಡಲು ಹಾಕಿದ ತಾಂತ್ರಿಕ ಬೀಗವನ್ನು ಮುರಿಯುವುದೇ ಅಲ್ಲಿ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ. ಬೀಗ ಮುರಿಯಲಾಗದಂತಿರಬೇಕು ಅಂತೇನಿಲ್ಲ, ಬೀಗ ಅಂತ ಒಂದು ಇರಬೇಕು. ಸಣ್ಣ ಬೀಗವನ್ನಾದರೂ ಹಾಕಿ ಅಂತ ನಾನು ಹೇಳುವುದಕ್ಕೆ ಇದೂ ಕಾರಣ.

ಕಾಪಿ ಬಳಸುವ ಮಂಡಿಗಳ ಮೇಲೂ 63ಬಿ ಅಡಿ ದೂರು ಕೊಡಬಹುದು. ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ ಏಳು ದಿನದಿಂದ ಮೂರು ವರ್ಷ. ಆದರೆ ನನ್ನ ಮಾತು ಕೇಳಿ, ಆ ದಾರಿ ಬೇಡ. ನಾಳೆ ನೀವು ವ್ಯಾಪಾರ ಮಾಡಬೇಕಾದದ್ದು ಅವರ ಜೊತೆಗೇ. ಮೊದಲು ವಕೀಲರ ಮೂಲಕ ಅಂಗಡಿಯವನಿಗೊಂದು ನೋಟಿಸ್ ಕಳಿಸಿ. ನಿಲ್ಲಿಸಿದರೆ ಸರಿ. ನಿಲ್ಲಿಸದಿದ್ದರೆ ಠಾಣೆ. ನಷ್ಟ ಪರಿಹಾರ, ತಡೆಯಾಜ್ಞೆ ಬೇಕು ಅಂದರೆ ಸಿವಿಲ್ ದಾವೆ ಹಾಕಬಹುದು. 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹಾಕಬಹುದು. ಕಾಪಿ ಚಿಂತಾಮಣಿಯಲ್ಲಿ ಸಿಕ್ಕಿತು ಅಂತ ಚಿಕ್ಕಬಳ್ಳಾಪುರ ಜಿಲ್ಲೆಗೆ ಅಲೆಯಬೇಕಾಗಿಲ್ಲ.

ಇದಕ್ಕೆಲ್ಲ ಮೊದಲು ಪ್ರೋಗ್ರಾಮಿನ ಕಾಪಿರೈಟ್ ನೋಂದಣಿ ಮಾಡಿಸಿಕೊಳ್ಳಿ. ನೋಂದಣಿ ಇಲ್ಲದಿದ್ದರೂ ಹಕ್ಕು ಇರುತ್ತದೆ, ನಿಜ. ಆದರೆ ಠಾಣೆಯಲ್ಲಿ ನಿಂತು ಇದು ನಾನೇ ಬರೆದದ್ದು ಅಂತ ಬಾಯಲ್ಲಿ ಹೇಳುವುದಕ್ಕೂ, ಸರ್ಟಿಫಿಕೇಟ್ ಮುಂದಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಸೋರ್ಸ್ ಕೋಡಿನ ಮೊದಲ 10 ಪುಟ, ಕೊನೆಯ 10 ಪುಟ ಕೊಡಬೇಕು. ಯಾರಾದರೂ ಆಕ್ಷೇಪ ಹೇಳಬಹುದು ಅಂತ 30 ದಿನ ಕಾಯುತ್ತಾರೆ. ಮೊದಲ ದಿನದಿಂದ ನೀವು ಇಟ್ಟಿರುವ ಹಳೆಯ ಕೋಡ್, ಮಂಡಿಯವರ ಜೊತೆಗಿನ ವಾಟ್ಸ್‌ಆ್ಯಪ್ ಮೆಸೇಜು, ದುಡ್ಡು ಬಂದ ಬ್ಯಾಂಕ್ ಎಂಟ್ರಿ ಯಾವುದನ್ನೂ ಅಳಿಸಬೇಡಿ.

ಒಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಈ ಸಾಫ್ಟ್‌ವೇರ್ ಬರೆದ ಕಂಪ್ಯೂಟರ್‌ನಲ್ಲಿರುವ ವಿಂಡೋಸ್ ಒರಿಜಿನಲ್ ತಾನೇ? ಕೋಡ್ ಬರೆಯುವ ವಿಷುವಲ್ ಸ್ಟುಡಿಯೊ? ನಿಮ್ಮ ಹಾಗೆ ಒಬ್ಬರೇ ಕೆಲಸ ಮಾಡುವವರಿಗೆ ಅದರ ಕಮ್ಯುನಿಟಿ ಆವೃತ್ತಿ 2014ರಿಂದ ಉಚಿತ. ಡೇಟಾ ಇಡುವುದಕ್ಕೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ. ಎಸ್‌ಕ್ಯೂಲೈಟ್ ಅಂತೂ ಯಾರ ಒಡೆತನದಲ್ಲೂ ಇಲ್ಲ. ಕ್ರ್ಯಾಕ್ ಮಾಡಿದ್ದು ಏನಾದರೂ ಇದ್ದರೆ ಇವತ್ತೇ ತೆಗೆಯಿರಿ. ನಾಳೆ ಎದುರಿನ ವಕೀಲರು ಮೊದಲು ಕೇಳುವ ಪ್ರಶ್ನೆಯೇ ಅದಾಗಬಹುದು. ಇನ್ನೂ ದೊಡ್ಡ ಕಾರಣ ಇದೆ. 'ಸ್ಟಾಪ್' ಅನ್ನುವ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ಪ್ರೋಗ್ರಾಂ, ಹೆಚ್ಚಾಗಿ ಹಬ್ಬಿದ್ದೇ ಕ್ರ್ಯಾಕ್ ಫೈಲುಗಳ, ಕಳ್ಳ ಸೀರಿಯಲ್ ನಂಬರ್ ತಯಾರಿಸುವ ಕೀಜೆನ್ ಫೈಲುಗಳ ಜೊತೆಗೆ. ನಿಮ್ಮ ಕಂಪ್ಯೂಟರಿಗೆ ಅಂಥದ್ದು ಹೊಕ್ಕರೆ ನಿಮ್ಮ ಪೆನ್‌ಡ್ರೈವ್ ಹೋದ ಮಂಡಿಗಳಿಗೂ ಅಪಾಯ. ಆ ಗುಟ್ಟಿನ ಕೀ ಕೂಡ ಅದೇ ಕಂಪ್ಯೂಟರ್‌ನಲ್ಲಿ ಇರುತ್ತದೆ ಅನ್ನುವುದು ನೆನಪಿರಲಿ.

ಈಗ ಮಾಡಬೇಕಾದ ಮೊದಲ ಕೆಲಸ. ಸಹಿ ಹಾಕಿದ ಲೈಸೆನ್ಸ್ ಇರುವ ಹೊಸ ಆವೃತ್ತಿ ಬರೆಯಲು ನಿಮಗೆ ಒಂದು ವಾರ ಸಾಕು. ಬರೆದಾದ ಮೇಲೆ ಪ್ರಿಂಟ್ ಬರುತ್ತಿಲ್ಲ ಅಂತ ಫೋನ್ ಮಾಡಿದ ಆ ಇಬ್ಬರ ಮಂಡಿಗೆ ಹೋಗಿ. ಹರಾಜಿನ ಹೊತ್ತು ಬೇಡ, ಮಧ್ಯಾಹ್ನ ಎಲ್ಲ ಖಾಲಿಯಾದ ಮೇಲೆ ಹೋಗಿ. 'ಇದನ್ನ ಬರೆದವನು ನಾನು' ಅಂತ ಹೇಳಿ. ಅವರ ಹಳೆಯ ಡೇಟಾ ಒಂದು ಎಂಟ್ರಿಯೂ ಹೋಗದ ಹಾಗೆ ಹೊಸದಕ್ಕೆ ತಂದುಕೊಡಿ. ಪ್ರಿಂಟ್ ಸರಿ ಮಾಡಿ. ಅವರ ಮಂಡಿ ಹೆಸರಲ್ಲಿ ಒಂದು ತಿಂಗಳ ಲೈಸೆನ್ಸ್ ಉಚಿತವಾಗಿ ಕೊಟ್ಟು ಬಿಲ್ ತೆಗೆದು ಅವರ ಕೈಯಲ್ಲಿಡಿ, ಆಮೇಲೆ ವರ್ಷದ ರೇಟು ಹೇಳಿ. ಲೈಸೆನ್ಸ್ ಪರೀಕ್ಷಿಸುವ ಕೋಡ್ ಬರೆದಾಗ ನನಗೂ ಕಳಿಸಿ, ಅದಷ್ಟನ್ನು ಓದಿ ಹೇಳುತ್ತೇನೆ. ಗುಟ್ಟಿನ ಕೀ ಮಾತ್ರ ನನಗೂ ಕಳಿಸಬೇಡಿ.